ಕ್ರೋಮ್ ಸೈಲೆನ್ಸರ್ ಟಿಪ್ ಇನ್ನು ನಮ್ಮಲ್ಲಿ ಸಿಗುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಈ ಮೇ ತಿಂಗಳಿಂದ ನಮ್ಮ ಕುಂದಾಪುರದ ಅಂಗಡಿಯಲ್ಲಿ 350 ರೂಪಾಯಿಯ ಕ್ರೋಮ್ ಸೈಲೆನ್ಸರ್ ಟಿಪ್, ಅಂದರೆ ಗಾಡಿಯ ಹೊಗೆ ಪೈಪಿನ ತುದಿಗೆ ಅಂದಕ್ಕೆಂದು ಹಾಕುವ ಹೊಳೆಯುವ ಕೊಳವೆ, ಮಾರುವುದನ್ನು ನಿಲ್ಲಿಸಿದ್ದೇವೆ. ಗೋಡೆ ತುಂಬ ತೂಗುತ್ತಿದ್ದ ಹನ್ನೆರಡು ಮಾದರಿಗಳನ್ನೂ ಇಳಿಸಿಯಾಯಿತು. ಇನ್ನು ಮುಂದೆ ಇರುವುದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಮೂರೇ ಮಾದರಿ. ಫಿಟ್ಟಿಂಗ್ ಸೇರಿ ಬೆಲೆ 1,150 ರೂಪಾಯಿ. ಮೂರು ಪಟ್ಟಿಗೂ ಹೆಚ್ಚಾಯಿತಲ್ಲ ಎಂದು ನೀವು ಕೇಳಿಯೇ ಕೇಳುತ್ತೀರಿ, ಕೇಳಬೇಕು ಕೂಡ. ಅದಕ್ಕೇ ಈ ಪತ್ರ.

ಕಳೆದ ವರ್ಷ ನವರಾತ್ರಿಯ ಹೊತ್ತಿಗೆ ನಮ್ಮಲ್ಲೇ ಟಿಪ್ ಹಾಕಿಸಿಕೊಂಡಿದ್ದ ಒಬ್ಬರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೊಲ್ಲೂರಿಗೆ ಹೋಗಿ ವಾಪಸ್ ಬರುತ್ತಿದ್ದರು. ದಾರಿಯಲ್ಲಿ ಒಂದು ಹಂಪ್ ದಾಟುತ್ತಿದ್ದಂತೆ ಟಿಪ್ ಕಳಚಿ ರಸ್ತೆಗೆ ಬಿತ್ತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಹುಡುಗ ಅದನ್ನು ತಪ್ಪಿಸಲು ಹೋಗಿ ಮಣ್ಣಿನ ಅಂಚಿಗೆ ಇಳಿದ. ದೇವರ ದಯೆಯಿಂದ ಬೀಳಲಿಲ್ಲ. ಗ್ರಾಹಕರು ಆ ಟಿಪ್ ಹೆಕ್ಕಿಕೊಂಡು ಬಂದು ನಮ್ಮ ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ನಮಗೆ ಇಷ್ಟು ನಾಟುತ್ತಿರಲಿಲ್ಲವೇನೋ.

ಆ ಟಿಪ್ ಈಗಲೂ ಅಂಗಡಿಯಲ್ಲಿದೆ, ಬಂದವರಿಗೆ ತೋರಿಸುತ್ತೇವೆ. ಹೊರಗಿನಿಂದ ಕನ್ನಡಿಯ ಹಾಗೆ ಹೊಳೆಯುತ್ತದೆ. ಒಳಗೆ ಬೆರಳಾಡಿಸಿದರೆ ಕೆಂಪು ಪುಡಿ ಅಂಟುತ್ತದೆ. ಪೈಪನ್ನು ಹಿಡಿದುಕೊಳ್ಳಬೇಕಿದ್ದ ಮೂರು ಬೋಲ್ಟುಗಳಲ್ಲಿ ಒಂದು ಬಿದ್ದೇ ಹೋಗಿದೆ. ಉಳಿದೆರಡರ ಮೊನೆ ತುಕ್ಕು ತಿಂದು, ಚೂಪಾಗಿದ್ದದ್ದು ಮೊಂಡಾಗಿದೆ. ಹಾಕಿ ಹನ್ನೊಂದು ತಿಂಗಳೂ ತುಂಬಿರಲಿಲ್ಲ.

ತಪ್ಪು ಎಲ್ಲಿ ಎಂದು ಹುಡುಕುತ್ತ ಹೋದರೆ ನಮ್ಮ ಕೈಗೇ ಬಂತು. ಆ ಕಾರಿನ ಪೈಪ್ 42 ಮಿ.ಮೀ. ದಪ್ಪದ್ದು. ನಾವು ಹಾಕಿದ್ದು ‘ಎಲ್ಲ ಗಾಡಿಗೂ ಆಗುತ್ತದೆ’ ಎಂದು ಡಬ್ಬಿಯ ಮೇಲೆ ಬರೆದಿದ್ದ, 60 ಮಿ.ಮೀ. ಬಾಯಿಯ ಟಿಪ್. ನಡುವೆ ಉಳಿದ ಅಂತರವನ್ನು ಮೂರು ಬೋಲ್ಟಿನ ಮೊನೆಗಳೇ ತುಂಬಬೇಕಿತ್ತು. ಅಂದರೆ ಇಡೀ ಟಿಪ್ ನಿಂತದ್ದು ಮೂರು ಸಾಸಿವೆ ಕಾಳಿನಷ್ಟು ಜಾಗದ ಮೇಲೆ. ಇಂಜಿನ್ ಅದುರುತ್ತದೆ, ಸೈಲೆನ್ಸರ್ ರಬ್ಬರ್ ಹ್ಯಾಂಗರಿನಲ್ಲಿ ತೂಗುತ್ತದೆ, ಪೈಪ್ ಬಿಸಿಯಾಗಿ ಹಿಗ್ಗಿ ತಣಿದು ಕುಗ್ಗುತ್ತದೆ. ದಿನಕ್ಕೆ ನಾಲ್ಕು ಸಲ ಹೀಗಾದರೆ ಯಾವ ಮೊನೆ ತಾನೇ ಹಿಡಿದೀತು?

ಇನ್ನು ತುಕ್ಕಿನ ವಿಷಯ. ಕ್ರೋಮ್ ಟಿಪ್ಪಿನ ಮೈ ಸಾದಾ ಕಬ್ಬಿಣದ್ದೇ. ಅದರ ಮೇಲೆ ನಿಕ್ಕಲ್ ಲೇಪನ, ಅದರ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾದ ಕ್ರೋಮಿಯಂ ಪದರ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಆ ಪದರ ಎಷ್ಟು ತೆಳು ಎಂದು ಊಹಿಸಿಕೊಳ್ಳಿ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೊದಲೇ ಇರುತ್ತವೆ. ಅಗ್ಗದ ಮಾಲಿನಲ್ಲಿ ಕೊಳವೆಯ ಒಳಮೈಗೆ ಲೇಪನ ಸರಿಯಾಗಿ ಹತ್ತಿರುವುದೇ ಇಲ್ಲ, ಮತ್ತು ತುಕ್ಕು ಹುಟ್ಟುವುದು ಒಳಗಿನಿಂದಲೇ. ಏಕೆಂದರೆ ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡುವ ಗಾಡಿಯಲ್ಲಿ ಅದು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಶಾಲೆ, ಶಾಲೆಯಿಂದ ಪೇಟೆ ಎಂದು ಎರಡು ಮೂರು ಕಿಲೋಮೀಟರ್ ಓಡುವ ಗಾಡಿಯ ಪೈಪ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ನೀರು ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀರು ಬೀಳುತ್ತದೆ ಎಂದು ಗಾಬರಿಯಿಂದ ಫೋನ್ ಮಾಡುತ್ತೀರಲ್ಲ, ಅದೇ ಈ ನೀರು. ಅದು ರೋಗವಲ್ಲ. ಆದರೆ ಪೈಪಿಗೂ ಟಿಪ್ಪಿಗೂ ನಡುವಿನ ಸಂದಿಯಲ್ಲಿ ನಿಂತಿತೆಂದರೆ ಕೆಲಸ ಶುರು.

ಹೊರಗಿನಿಂದ ನಮ್ಮ ಕರಾವಳಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಆಸಾಡಿ ಮಳೆಯಲ್ಲಿ ವಾರಗಟ್ಟಲೆ ಗಾಡಿಯ ತಳ ಒಣಗುವುದೇ ಇಲ್ಲ. ಅದಕ್ಕೆ ಉಪ್ಪುಗಾಳಿ ಬೇರೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ದಿನಾ ಬೈಂದೂರಿಗೆ ಹೋಗಿಬರುವ ಟ್ಯಾಕ್ಸಿಯವರ ಗಾಡಿಯ ಹಿಂದಿನ ಗಾಜಿನ ಮೇಲೆ ನಾಲಿಗೆಯಿಟ್ಟರೆ ಉಪ್ಪು ತಾಗೀತು. ಇದೇ ಕ್ರೋಮ್ ಟಿಪ್ ಬಳ್ಳಾರಿಯಲ್ಲೋ ವಿಜಯಪುರದಲ್ಲೋ ಇನ್ನೂ ಹೆಚ್ಚು ಕಾಲ ಬಾಳೀತು. ಇಲ್ಲಿ ಅದನ್ನು ಮಾರುವುದು ಸರಿಯಲ್ಲ ಎಂದು ನಮಗೆ ಮನವರಿಕೆಯಾಗಿದೆ.

304 ಅಂದರೇನು? ನೂರು ಪಾಲಿನಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಬೆರೆತ ಸ್ಟೀಲ್. ಲೇಪನವಿಲ್ಲ, ಆದ್ದರಿಂದ ಸಿಪ್ಪೆ ಏಳುವ ಪ್ರಶ್ನೆಯೂ ಇಲ್ಲ. ಹಾಗೆಂದು ಅದಕ್ಕೆ ಏನೂ ಆಗುವುದಿಲ್ಲ ಎಂದು ಹೇಳಿ ನಿಮಗೆ ಮಾರಲಾರೆವು. ಕಡಲ ಪಕ್ಕ ಅದರ ಮೇಲೂ ಚಹಾ ಚೆಲ್ಲಿದಂಥ ಕಂದು ಕಲೆ ಬರುತ್ತದೆ. ಅದು ಮೇಲ್ಮೈಯಲ್ಲೇ ಇರುವ ಕಲೆ, ಉಜ್ಜಿದರೆ ಹೋಗುತ್ತದೆ. ಕಲೆಯನ್ನು ಇನ್ನೂ ಚೆನ್ನಾಗಿ ತಡೆಯುವುದು ಮಾಲಿಬ್ಡಿನಂ ಬೆರೆತ 316 ದರ್ಜೆ. ಆದರೆ ಅದನ್ನು ತರಿಸಿದರೆ ಬೆಲೆ ಇನ್ನೂ ಏರುತ್ತದೆ, ಒಂದು ಅಲಂಕಾರದ ವಸ್ತುವಿಗೆ ಅಷ್ಟು ಕೊಡಿ ಎನ್ನಲು ನಮಗೆ ಬಾಯಿ ಬರಲಿಲ್ಲ.

ಆನ್‌ಲೈನಿನಲ್ಲಿ ಕೊಂಡ ಟಿಪ್ ತಂದರೆ ಹಾಕಿಕೊಡುತ್ತೀರಾ ಎಂದು ಬಹಳ ಜನ ಕೇಳಿದ್ದೀರಿ. ಹಾಕಿಕೊಡುತ್ತೇವೆ, ಕೂಲಿ 200 ರೂಪಾಯಿ. ಆದರೆ ಹಾಕುವ ಮೊದಲು ಮಾಲು ಯಾವುದೆಂದು ನೋಡುತ್ತೇವೆ. ಮನೆಯಲ್ಲಿ ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ, ಹಾಗಾಗಿ ಒಳ್ಳೆಯ ಸ್ಟೀಲ್ ಎಂದು ಹೇಳುವವರಿದ್ದಾರೆ. ಅಯಸ್ಕಾಂತಕ್ಕೆ ಸಾದಾ ಕಬ್ಬಿಣ ಸಿಕ್ಕಿಬೀಳುತ್ತದೆ, ನಿಜ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 201 ದರ್ಜೆಯೂ 304ರ ಹಾಗೆಯೇ ಅಂಟುವುದಿಲ್ಲ, ಮತ್ತು ನಮ್ಮ ಉಪ್ಪುಗಾಳಿಗೆ ಅದು ಬೇಗ ಸೋಲುತ್ತದೆ. ಇದಕ್ಕೆಂದು ನಾವೀಗ ಒಂದು ಪರೀಕ್ಷೆಯ ದ್ರಾವಣ ಇಟ್ಟುಕೊಂಡಿದ್ದೇವೆ. ಕಾಣದ ಕಡೆ ಒಂದು ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿಯ ತಂತಿ ತಾಗಿಸಿದರೆ ಕೆಲವೇ ಸೆಕೆಂಡಿನಲ್ಲಿ ಬಣ್ಣ ತಿರುಗುತ್ತದೆ, ಕೆಂಪಾದರೆ 201. ನಿಮ್ಮ ಕಣ್ಣೆದುರೇ ಮಾಡುತ್ತೇವೆ. 201 ಎಂದು ಗೊತ್ತಾದ ಮೇಲೂ ಹಾಕಿ ಎಂದರೆ ಹಾಕುತ್ತೇವೆ, ಆದರೆ ತುಕ್ಕಿನ ಹೊಣೆ ನಮ್ಮದಲ್ಲ.

ಫಿಟ್ಟಿಂಗಿಗೆ ಇನ್ನು ಅರ್ಧ ಗಂಟೆ ಬೇಕು. ಮೊದಲು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆವು. ಗಾಡಿ ತಣ್ಣಗಿರಬೇಕು, ಹಾಗಾಗಿ ಬೆಳಿಗ್ಗೆ ಬಿಟ್ಟು ಹೋದರೆ ಒಳ್ಳೆಯದು. ಪೈಪಿನ ಹೊರ ಅಳತೆಯನ್ನು ವರ್ನಿಯರ್‌ನಿಂದ ಎರಡು ಕಡೆ ತೆಗೆಯುತ್ತೇವೆ, ಏಕೆಂದರೆ ಹಳೆಯ ಪೈಪಿನ ತುದಿ ಒಂದಿಷ್ಟು ಮೊಟ್ಟೆಯಾಕಾರಕ್ಕೆ ತಿರುಗಿರುವುದುಂಟು. ಟಿಪ್ಪಿನ ಬಾಯಿ ಅದಕ್ಕಿಂತ ಎರಡು ಮೂರು ಮಿ.ಮೀ. ಮಾತ್ರ ದೊಡ್ಡದಿರಬೇಕು. ಬೋಲ್ಟಿನ ಮೊನೆಯ ಬದಲು ಪೈಪನ್ನು ಸುತ್ತಲೂ ತಬ್ಬುವ ಪಟ್ಟಿ ಕ್ಲ್ಯಾಂಪ್ ಬಳಸುತ್ತೇವೆ. ಪೈಪನ್ನು ಕನಿಷ್ಠ 40 ಮಿ.ಮೀ. ಒಳಗೆ ಕೂರಿಸಿ, ಎರಡು ಬೋಲ್ಟನ್ನು ಸ್ವಲ್ಪ ಇದು, ಸ್ವಲ್ಪ ಅದು ಎಂದು ಒಂದಾದ ಮೇಲೊಂದರಂತೆ ಬಿಗಿಯುತ್ತೇವೆ. ಒಂದನ್ನೇ ಪೂರ್ತಿ ತಿರುಗಿಸಿದರೆ ತೆಳು ಪೈಪ್ ನೆಗ್ಗುತ್ತದೆ.

ನಟ್ಟಿನ ಬಗ್ಗೆ ಒಂದು ಮಾತು, ಮನೆಯಲ್ಲಿ ತಾವೇ ಹಾಕಿಕೊಳ್ಳುವವರಿಗೆ. ಒಳಗೆ ನೀಲಿ ನೈಲಾನ್ ಉಂಗುರವಿರುವ ಲಾಕ್ ನಟ್ ಬಹಳ ಭದ್ರ ಎಂದು ಎಲ್ಲರೂ ಅದನ್ನೇ ತರುತ್ತಾರೆ. ಸುಮಾರು 120 ಡಿಗ್ರಿ ದಾಟಿದರೆ ಆ ನೈಲಾನ್ ಸೋಲುತ್ತದೆ, ಸೈಲೆನ್ಸರಿನ ಬಳಿ ಅದು ಕೆಲಸಕ್ಕೆ ಬಾರದು. ಪೂರ್ತಿ ಲೋಹದ ಲಾಕ್ ನಟ್ ತನ್ನಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಏನೂ ಸವರದೆ ಹಾಗೇ ತಿರುಗಿಸಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಮುಂದೆ ಬಿಚ್ಚಲು ಬರುವುದಿಲ್ಲ. ಶಾಖ ತಡೆಯುವ ಆಂಟಿ-ಸೀಜ್ ಪೇಸ್ಟ್ ಒಂದು ಕಡಲೆ ಕಾಳಿನಷ್ಟು ಸವರಿದರೆ ಸಾಕು.

ಬಂಪರಿನಿಂದ ಟಿಪ್ ಎಲ್ಲ ಕಡೆಯಿಂದಲೂ ಕನಿಷ್ಠ 15 ಮಿ.ಮೀ. ದೂರ ಇರಬೇಕು. ನಿಂತ ಗಾಡಿಯಲ್ಲಿ ಐದು ಮಿ.ಮೀ. ಧಾರಾಳ ಎನಿಸುತ್ತದೆ; ಇಂಜಿನ್ ಆಫ್ ಮಾಡುವ ಕ್ಷಣದಲ್ಲಿ ಪೈಪ್ ಹೇಗೆ ಕುಣಿಯುತ್ತದೆ ಎಂದು ಒಮ್ಮೆ ಬಗ್ಗಿ ನೋಡಿ. ಟಿಪ್ಪಿನ ತುದಿ ಬಂಪರಿನ ಅಂಚಿಗೆ ಸಮನಾಗಿರಬೇಕು. ಒಳಗೇ ಉಳಿದರೆ ಬಿಸಿ ಹೊಗೆ ಪ್ಲಾಸ್ಟಿಕ್ಕಿಗೆ ಬಡಿದು ಅಲ್ಲಿ ಕಪ್ಪು ಕಟ್ಟುತ್ತದೆ, ಕೊನೆಗೆ ಬಂಪರ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಹೊರಗೆ ಚಾಚಿದರೆ ಡಿಕ್ಕಿಯಿಂದ ಸಾಮಾನು ಇಳಿಸುವಾಗ ಮೊಣಕಾಲ ಕೆಳಗೆ ಸುಡುತ್ತದೆ. ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ಗಮನಿಸಿ. ತುದಿ ಒಂದಿಷ್ಟು ಕೆಳಮುಖವಾಗಿದ್ದರೆ ನೀರು ನಿಲ್ಲದೆ ಹರಿದುಹೋಗುತ್ತದೆ.

ಹಾಕಿಸಿಕೊಂಡ ಮೇಲೆ 500 ಕಿಲೋಮೀಟರ್ ಓಡಿದಾಗ ಒಂದು ಸಲ ಬರಲೇಬೇಕು. ಇದರಲ್ಲಿ ವಿನಾಯಿತಿ ಇಲ್ಲ. 304 ಸ್ಟೀಲ್ ಬಿಸಿಗೆ ಸಾದಾ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತದೆ. ಒಳಗಿನ ಪೈಪ್ ಹಿಗ್ಗಿದ್ದಕ್ಕಿಂತ ಹೊರಗಿನ ಟಿಪ್ ಹೆಚ್ಚು ಹಿಗ್ಗಿದರೆ ಹಿಡಿತ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಮೊದಲ ಕೆಲವು ದಿನ ಹೀಗಾಗಿ ಆಮೇಲೆ ಕೂತುಕೊಳ್ಳುತ್ತದೆ, ಆಗ ಒಮ್ಮೆ ಮರುಬಿಗಿ ಮಾಡಬೇಕು. ನಾವೇ ಫೋನ್ ಮಾಡಿ ನೆನಪಿಸುತ್ತೇವೆ, ಇದಕ್ಕೆ ದುಡ್ಡು ಕೇಳುವುದಿಲ್ಲ.

ಎರಡು ಕೆಲಸಗಳನ್ನು ಪೂರ್ತಿ ಬಿಟ್ಟಿದ್ದೇವೆ. ಹಲವು ಚಿಕ್ಕ ಕಾರುಗಳಲ್ಲಿ ಪೈಪಿನ ತುದಿ ಬಂಪರಿನ ಕೆಳಗೆ ನೆಲದ ಕಡೆ ಬಾಗಿರುತ್ತದೆ. ಟಿಪ್ ಹಾಕಬೇಕಾದರೆ ಆ ಬಾಗು ಕತ್ತರಿಸಬೇಕು. ಮೊದಲು ಕತ್ತರಿಸುತ್ತಿದ್ದೆವು, ಕೆಲವು ಗಾಡಿಗೆ ವೆಲ್ಡಿಂಗ್ ಕೂಡ ಮಾಡಿದ್ದುಂಟು. ವೆಲ್ಡಿಂಗ್ ಬಿಸಿಗೆ ಪೈಪಿನ ಮೇಲಿನ ಅಲ್ಯೂಮಿನಿಯಂ ಲೇಪನ ಸುಟ್ಟು, ಸರಿಯಾಗಿ ಆ ಜಾಗದಲ್ಲೇ ತುಕ್ಕು ಹಿಡಿಯುತ್ತದೆ. ವಾರಂಟಿಯಲ್ಲಿರುವ ಗಾಡಿಯಾದರೆ ಮುಂದೆ ಸರ್ವಿಸ್ ಸೆಂಟರಿನಲ್ಲಿ ನಿಮಗೆ ತೊಂದರೆ. ಅಂಥ ಗಾಡಿಯವರು ಟಿಪ್ ಆಸೆ ಬಿಡುವುದೇ ಒಳ್ಳೆಯದು, ಇದನ್ನು ಬೇಸರದಿಂದಲೇ ಹೇಳುತ್ತಿದ್ದೇವೆ.

ಇನ್ನೊಂದು, ಪೈಪಿನೊಳಗೆ ತೂರಿಸುವ ಶಿಳ್ಳೆ. ಟರ್ಬೊ ಸದ್ದು ಬರುತ್ತದೆ ಎಂದು ಕಾಲೇಜು ಹುಡುಗರು ಕೇಳುತ್ತಾರೆ. ತರಿಸುವುದಿಲ್ಲ. ಆಸ್ಪತ್ರೆ, ಶಾಲೆ ಇರುವ ಊರು ನಮ್ಮದು. ಶಬ್ದ ಮತ್ತು ಹೊಗೆಯ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವಿದೆ. ಒಳಗೆ ಜಾಲರಿ, ತಡೆ ಇರುವ ಟಿಪ್ ಕೂಡ ಬೇಡ, ಹೊಗೆ ತಪಾಸಣೆಯ ಕೊಳವೆ ಪೈಪಿನೊಳಗೆ ಹೋಗಲು ದಾರಿ ಇರಬೇಕು. ಟಿಪ್ ಹಾಕಿದರೆ ಪಿಕಪ್, ಮೈಲೇಜ್ ಹೆಚ್ಚುತ್ತದಾ ಎಂಬುದಕ್ಕೂ ಉತ್ತರ ಇಲ್ಲೇ ಕೊಡುತ್ತೇವೆ: ಇಲ್ಲ. ಅದು ನೋಟಕ್ಕೆ ಮಾತ್ರ. ಚೆಂದದ ಗಾಡಿ ಇಟ್ಟುಕೊಳ್ಳುವ ಆಸೆ ಒಳ್ಳೆಯದೇ.

ನೋಡಿಕೊಳ್ಳುವ ಬಗೆ ಹೇಳಿ ಮುಗಿಸುತ್ತೇವೆ, ಏಕೆಂದರೆ ಒಳ್ಳೆಯ ಟಿಪ್ಪನ್ನೂ ಉಜ್ಜಿ ಹಾಳುಮಾಡಿದ್ದನ್ನು ಪ್ರತಿ ಆಯುಧ ಪೂಜೆಯ ಮರುದಿನ ನೋಡುತ್ತೇವೆ. ಬಚ್ಚಲು ತೊಳೆಯುವ ಆಸಿಡ್ ಯಾವತ್ತೂ ಬೇಡ. ಅದರ ಕ್ಲೋರೈಡ್ ಸ್ಟೇನ್‌ಲೆಸ್ಸಿನಲ್ಲಿ ಸೂಜಿಮೊನೆಯಂಥ ಗುಳಿ ಕೊರೆಯುತ್ತದೆ. ಹಿತ್ತಾಳೆ ದೀಪಕ್ಕೆ ಹಾಕುವ ಹುಣಸೆ, ಉಪ್ಪು ಕೂಡ ದೀಪಕ್ಕೇ ಇರಲಿ. ಪಾತ್ರೆ ಉಜ್ಜುವ ಕಬ್ಬಿಣದ ನಾರಿನ ಕಣಗಳು ಮೈಯಲ್ಲಿ ಕೂತು ಅವೇ ತುಕ್ಕಾಗುತ್ತವೆ. ಗಾಡಿ ತೊಳೆಯುವಾಗ ತಣ್ಣಗಿನ ಟಿಪ್ಪಿಗೆ ಸೋಪುನೀರು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗೊಮ್ಮೆ ಹೊರಗೊಮ್ಮೆ, ಆಮೇಲೆ ಒಳ್ಳೆ ನೀರು, ಒಣ ಬಟ್ಟೆ. ಇಷ್ಟು ಹದಿನೈದು ದಿನಕ್ಕೊಮ್ಮೆ. ಕಪ್ಪು ಗಟ್ಟಿಯಾಗಿದ್ದರೆ ಅಲ್ಯೂಮಿನಿಯಂ ಫಾಯಿಲ್ ಚೂರನ್ನು ಮುದುಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ನಂತರ ಮೆಟಲ್ ಪಾಲಿಶ್. ಮಳೆಗಾಲಕ್ಕೆ ಮುಂಚೆ ತೆಳ್ಳಗೆ ಮೇಣ ಸವರಿದರೆ ಮಸಿ, ಉಪ್ಪು ಎರಡೂ ಸುಲಭವಾಗಿ ಬಿಟ್ಟುಕೊಳ್ಳುತ್ತವೆ.

ನಮ್ಮಲ್ಲಿ ಮೊದಲು ಕ್ರೋಮ್ ಟಿಪ್ ಹಾಕಿಸಿಕೊಂಡ ಎಲ್ಲರಲ್ಲೂ ಒಂದು ವಿನಂತಿ. ಮಳೆ ಹಿಡಿಯುವ ಮೊದಲು, ಮೇ 31ರೊಳಗೆ, ಗಾಡಿ ತನ್ನಿ. ಬಿಲ್ ಇಲ್ಲದಿದ್ದರೂ ಪರವಾಗಿಲ್ಲ, ನಮ್ಮ ಕೈಕೆಲಸ ನಮಗೆ ಗುರುತಾಗುತ್ತದೆ. ಬಿಚ್ಚಿ, ಒಳಗೆ ನೋಡಿ, ಗಟ್ಟಿಯಿದ್ದರೆ ಹೊಸ ಕ್ಲ್ಯಾಂಪ್ ಹಾಕಿ ಬಿಗಿದು ಕೊಡುತ್ತೇವೆ. ತುಕ್ಕು ತಿಂದಿದ್ದರೆ ತೆಗೆದಿಟ್ಟುಕೊಂಡು, ಹೊಸದು ಬೇಕೆಂದವರಿಗೆ ನೀವು ಅಂದು ಕೊಟ್ಟ 350 ರೂಪಾಯಿ ಕಳೆದು 800ಕ್ಕೆ ಕೊಡುತ್ತೇವೆ. ಬೇಡ ಎಂದವರು ಬರಿ ಪೈಪಿನಲ್ಲೇ ಹೋಗಬಹುದು, ಬಿಚ್ಚಿದ್ದಕ್ಕೆ ಏನೂ ಕೊಡಬೇಕಾಗಿಲ್ಲ. ಬರುವ ಮೊದಲು ಒಮ್ಮೆ ಬಗ್ಗಿ ಟಿಪ್ಪನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಗಾಡಿ ತಣ್ಣಗಿರುವಾಗ. ಅಲುಗಾಡಿದರೆ ಓಡಿಸಿಕೊಂಡು ಬರಬೇಡಿ, ಕರೆ ಮಾಡಿ, ನಮ್ಮ ಹುಡುಗ ಮನೆಗೇ ಬರುತ್ತಾನೆ.

ಭಾನುವಾರ ಬಿಟ್ಟು ಎಲ್ಲ ದಿನ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ತೆರೆದಿರುತ್ತೇವೆ. ಮೇ ಕೊನೆಯ ವಾರ ಮಾತ್ರ ಭಾನುವಾರವೂ ಇರುತ್ತೇವೆ.

ನಿಮ್ಮ ವಿಶ್ವಾಸಿ,
ಅಂಗಡಿಯ ಪಾಲುದಾರರು ಮತ್ತು ಕೆಲಸಗಾರರು
ಕುಂದಾಪುರ