ಬಿಆರ್‌ಸಿಎ ಪರೀಕ್ಷೆಯಲ್ಲಿ ಬದಲಾವಣೆ: ದೊಡ್ಡ ಡಿಲೀಶನ್‌ಗಳ ಹುಡುಕಾಟ ಇನ್ನು ಎಲ್ಲ ಸ್ಯಾಂಪಲ್‌ಗಳಿಗೂ

ಮಾನ್ಯ ವೈದ್ಯರೇ, ಜೆನೆಟಿಕ್ ಕೌನ್ಸೆಲರ್‌ಗಳೇ, ಪರೀಕ್ಷೆಗೆ ಬರುವ ಕುಟುಂಬದವರೇ,

ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ವಂಶದಲ್ಲಿ ಹರಿದುಬಂದಿದೆಯೇ ಎಂದು ತಿಳಿಯಲು ನೀವು ಕಳಿಸುವ ರಕ್ತದಲ್ಲಿ ಇದುವರೆಗೆ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ಸೀಕ್ವೆನ್ಸಿಂಗ್ ಮಾಡುತ್ತಿದ್ದೆವು, ಅಂದರೆ ಅವುಗಳ ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದುತ್ತಿದ್ದೆವು. ದೊಡ್ಡ ಡಿಲೀಶನ್ (ಜೀನ್‌ನ ಭಾಗ ಬಿದ್ದುಹೋಗಿರುವುದು), ಡ್ಯೂಪ್ಲಿಕೇಶನ್‌ಗಳನ್ನು (ಭಾಗ ಹೆಚ್ಚುವರಿಯಾಗಿ ಸೇರಿರುವುದು) ಹುಡುಕಬೇಕಿದ್ದರೆ ಬೇರೆ ಫಾರಂ ತುಂಬಬೇಕಿತ್ತು. ಮುಂದಿನ ತಿಂಗಳ 1ರಿಂದ ಆ ಫಾರಂ ಇರುವುದಿಲ್ಲ. ಎರಡೂ ಸೇರಿ ಒಂದೇ ಪರೀಕ್ಷೆ, ಒಂದೇ ವರದಿ.

ಕಾರಣ ಇಷ್ಟು. ನಮ್ಮೆಲ್ಲರಲ್ಲೂ ಈ ಜೀನ್‌ಗಳ ಎರಡೆರಡು ಪ್ರತಿಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿಯಲ್ಲಿ ಎರಡು ಮೂರು ಎಕ್ಸಾನ್‌ಗಳು (ಪ್ರೋಟೀನ್ ತಯಾರಿಯ ಸೂಚನೆ ಹೊತ್ತ ಜೀನ್‌ನ ಭಾಗಗಳು) ಪೂರ್ತಿ ಬಿದ್ದುಹೋಗಿದ್ದರೂ ಇನ್ನೊಂದು ಪ್ರತಿಯ ಅಕ್ಷರಗಳು ಸರಿಯಾಗಿಯೇ ಓದಿಗೆ ಸಿಗುತ್ತವೆ. ಅಕ್ಷರಗಳನ್ನಷ್ಟೇ ನೋಡುವ ಪರೀಕ್ಷೆಗೆ ಕೊರತೆ ಕಾಣುವುದೇ ಇಲ್ಲ, ವರದಿ ‘ದೋಷ ಕಂಡುಬಂದಿಲ್ಲ’ ಎಂದು ಹೊರಬೀಳುತ್ತದೆ. ಬಿಆರ್‌ಸಿಎ1ರಲ್ಲಿ ಇದು ಹೆಚ್ಚು. ಎಕ್ಸಾನ್‌ಗಳ ನಡುವೆ ಅಲು ಎಂಬ ಒಂದೇ ಬಗೆಯ ತುಣುಕುಗಳು ದಟ್ಟವಾಗಿ ತುಂಬಿಕೊಂಡಿರುವುದರಿಂದ, ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಡಿಎನ್‌ಎ ತಪ್ಪು ಜಾಗದಲ್ಲಿ ಜೋಡಿಯಾಗಿ ನಡುವಿನ ಭಾಗ ಕಳಚಿಹೋಗುತ್ತದೆ. ನೆದರ್ಲೆಂಡ್ಸ್‌ನ ಹಲವು ಕುಟುಂಬಗಳಲ್ಲಿ 13ನೇ ಮತ್ತು 22ನೇ ಎಕ್ಸಾನ್‌ಗಳ ಡಿಲೀಶನ್ ತಲೆಮಾರುಗಳಿಂದ ಬಂದಿದೆ. 22ನೆಯದರಲ್ಲಿ ಕಳೆದುಹೋಗಿರುವುದು 510 ಅಕ್ಷರಗಳು ಮಾತ್ರ, ಆದರೂ ಒಂದು ಇಡೀ ಎಕ್ಸಾನ್ ಅದರಲ್ಲೇ ಹೋಗಿದೆ.

ನಾವು ಬಳಸುವುದು 2002ರಲ್ಲಿ ಪ್ರಕಟವಾದ, ಎಕ್ಸಾನ್‌ಗಳ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ವಿಧಾನ. ಪ್ರತಿ ಎಕ್ಸಾನ್‌ಗೂ ಎರಡು ಅರ್ಧ ಪ್ರೋಬ್‌ಗಳಿರುತ್ತವೆ, ಅಂದರೆ ಆ ಜಾಗಕ್ಕೇ ಅಂಟುವ ಚಿಕ್ಕ ಡಿಎನ್‌ಎ ತುಣುಕುಗಳು. ಡಿಎನ್‌ಎಯನ್ನು 98 ಡಿಗ್ರಿಯಲ್ಲಿ ಬಿಡಿಸಿ, 60 ಡಿಗ್ರಿಯಲ್ಲಿ 16ರಿಂದ 20 ಗಂಟೆ ಬಿಟ್ಟಾಗ ಅವು ಅಕ್ಕಪಕ್ಕ ಅಂಟಿಕೊಳ್ಳುತ್ತವೆ. ಆಮೇಲೆ 54 ಡಿಗ್ರಿಯಲ್ಲಿ ಲೈಗೇಸ್ ಕಿಣ್ವ ಎರಡನ್ನೂ ಬೆಸೆಯುತ್ತದೆ. ಬೆಸೆದುಕೊಂಡವು ಮಾತ್ರ ಡಿಎನ್‌ಎಯ ನಕಲುಗಳನ್ನು ಮಾಡುವ ಪಿಸಿಆರ್‌ನಲ್ಲಿ ಹೆಚ್ಚುತ್ತವೆ. ಅವುಗಳ ಪ್ರಮಾಣವನ್ನು, ಅದೇ ವಿಧಾನದಲ್ಲಿ ಡಿಎನ್‌ಎ ತೆಗೆದ ಆರೋಗ್ಯವಂತರ ಸ್ಯಾಂಪಲ್‌ಗಳೊಂದಿಗೆ ಹೋಲಿಸುತ್ತೇವೆ. ಅನುಪಾತ 0.80ರಿಂದ 1.20ರೊಳಗಿದ್ದರೆ ಎರಡು ಪ್ರತಿಗಳಿವೆ, 0.40ರಿಂದ 0.65ಕ್ಕೆ ಇಳಿದರೆ ಒಂದು ಇಲ್ಲ, 1.30ರಿಂದ 1.65ಕ್ಕೆ ಏರಿದರೆ ಒಂದು ಹೆಚ್ಚಿದೆ. ಈ ಅಂಕಿಗಳ ನಡುವೆ ಸಿಕ್ಕಿಬಿದ್ದದ್ದನ್ನು ನಾವು ಅರ್ಥೈಸುವುದಿಲ್ಲ, ಹೊಸದಾಗಿ ಮಾಡುತ್ತೇವೆ.

ಒಂದೇ ಎಕ್ಸಾನ್ ಇಲ್ಲ ಎಂದು ಕಂಡಾಗ ಮೊದಲು ಅನುಮಾನಿಸಬೇಕು. ಪ್ರೋಬ್ ಕೂಡುವ ಜಾಗದಲ್ಲಿ ಒಂದು ಅಕ್ಷರ ಬದಲಾಗಿದ್ದರೂ ಬೆಸುಗೆ ಕೆಡುತ್ತದೆ, ಇರುವ ಎಕ್ಸಾನ್ ಇಲ್ಲದಂತೆ ತೋರುತ್ತದೆ. ಆ ಅಕ್ಷರ ಬದಲಾವಣೆ ನಿರುಪದ್ರವಿಯೂ ಆಗಿರಬಹುದು. ಅಂಥ ಫಲಿತಾಂಶ ಬಂದಾಗ ಆ ಜಾಗದ ಸೀಕ್ವೆನ್ಸ್ ನೋಡಿ, ಎರಡನೆಯ ವಿಧಾನದಿಂದ ಖಚಿತಪಡಿಸಿಕೊಂಡೇ ವರದಿ ಕೊಡುತ್ತೇವೆ. ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಅಂಡಾಶಯ ತೆಗೆಸುವಂಥ ನಿರ್ಧಾರ ಈ ಒಂದು ಹಾಳೆಯ ಮೇಲೆ ನಿಲ್ಲಬಹುದಾದ್ದರಿಂದ ಆ ಕಾಯುವಿಕೆ ಬೇಕೇ ಬೇಕು. ಡ್ಯೂಪ್ಲಿಕೇಶನ್ ಕಂಡರೂ ಅದೇ ಎಚ್ಚರ: ಹೆಚ್ಚಿನ ಪ್ರತಿ ಎಲ್ಲಿ, ಯಾವ ದಿಕ್ಕಿನಲ್ಲಿ ಕೂತಿದೆ ಎಂಬುದನ್ನು ಎಂಎಲ್‌ಪಿಎ ಹೇಳುವುದಿಲ್ಲ. ತಿರುಗುಮುರುಗಾಗಿ ಕೂತ ಭಾಗಗಳನ್ನು, ಅಂದರೆ ಇನ್ವರ್ಷನ್‌ಗಳನ್ನು, ಅದು ಹಿಡಿಯುವುದೂ ಇಲ್ಲ.

ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲೇ ಕಳಿಸಿ, 4 ಮಿ.ಲೀ. ಸಾಕು. ತೆಗೆದ ಕೂಡಲೇ ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಹೆಪಾರಿನ್ ಟ್ಯೂಬ್ ದಯವಿಟ್ಟು ಬೇಡ, ಹೆಪಾರಿನ್ ಪಿಸಿಆರ್ ಕಿಣ್ವವನ್ನು ತಡೆಯುತ್ತದೆ. ಡಿಎನ್‌ಎಯನ್ನೇ ಕಳಿಸುವವರು ಅದರಲ್ಲಿ ಉಪ್ಪು ಉಳಿಯದಂತೆ ನೋಡಿಕೊಳ್ಳಿ. ಉಪ್ಪು ಹೆಚ್ಚಿದ್ದರೆ ಜಿ ಮತ್ತು ಸಿ ಅಕ್ಷರಗಳು ದಟ್ಟವಾಗಿರುವ ಜಾಗಗಳು 98 ಡಿಗ್ರಿಯಲ್ಲೂ ಪೂರ್ತಿ ಬಿಡಿಸಿಕೊಳ್ಳದೆ ಸುಳ್ಳು ಡಿಲೀಶನ್ ಕಾಣಿಸುತ್ತದೆ. ಎಂಜಲಿನ ಸ್ಯಾಂಪಲ್ ಈ ಪರೀಕ್ಷೆಗೆ ಸ್ವೀಕರಿಸುವುದಿಲ್ಲ. ಅಸ್ಥಿಮಜ್ಜೆ ಕಸಿ ಆಗಿದ್ದರೆ ಫಾರಂನಲ್ಲಿ ತಪ್ಪದೆ ಬರೆಯಿರಿ. ಅಂಥವರ ರಕ್ತದಲ್ಲಿ ಸಿಗುವುದು ದಾನಿಯ ಡಿಎನ್‌ಎ, ಆದ್ದರಿಂದ ಚರ್ಮದ ಸ್ಯಾಂಪಲ್ ಬೇಕಾಗುತ್ತದೆ.

ಸಂಬಂಧಿಕರಲ್ಲಿ ಡಿಲೀಶನ್ ಪತ್ತೆಯಾಗಿದ್ದರೆ ಅವರ ವರದಿಯ ನಕಲನ್ನೂ ಲಗತ್ತಿಸಿ. ‘ಯಾವುದೋ ಎಕ್ಸಾನ್ ಇಲ್ಲವಂತೆ’ ಎಂಬ ಮಾತು ಸಾಲದು. ಬಿಆರ್‌ಸಿಎ1ರ ಹಳೆಯ ಎಣಿಕೆಯಲ್ಲಿ 4ನೇ ಎಕ್ಸಾನ್ ಇಲ್ಲ, 3ರ ಮುಂದೆ ನೇರ 5. ಹಾಗಾಗಿ ಒಂದು ಲ್ಯಾಬ್‌ನ 13, ಇನ್ನೊಂದು ಲ್ಯಾಬ್‌ನಲ್ಲಿ 12 ಆಗಿರುತ್ತದೆ. ನಮ್ಮ ವರದಿಗಳಲ್ಲಿ ಯಾವ ಎಣಿಕೆ ಬಳಸಿದ್ದೇವೆ ಎಂಬುದು ಮೊದಲ ಪುಟದಲ್ಲೇ ಇರುತ್ತದೆ.

ಈಗಾಗಲೇ ‘ದೋಷ ಕಂಡುಬಂದಿಲ್ಲ’ ಎಂಬ ವರದಿ ಕೈಯಲ್ಲಿರುವವರು ‘ವಿಧಾನ’ ಎಂಬ ಭಾಗ ಓದಿ. ಅಲ್ಲಿ ಸೀಕ್ವೆನ್ಸಿಂಗ್ ಮಾತ್ರ ಇದ್ದರೆ ನಿಮ್ಮ ವೈದ್ಯರ ಮೂಲಕ ವರದಿ ಸಂಖ್ಯೆ ಬರೆದು ಕಳಿಸಿ. ಉಳಿಸಿಟ್ಟ ಡಿಎನ್‌ಎ ಸಾಕಷ್ಟಿದ್ದರೆ ಅದರಲ್ಲೇ ಮಾಡುತ್ತೇವೆ, ಇಲ್ಲದಿದ್ದರೆ ಮತ್ತೆ ರಕ್ತ ಕೇಳುತ್ತೇವೆ. ಕುಟುಂಬದಲ್ಲಿ ಕ್ಯಾನ್ಸರ್ ಬಂದವರೇ ಮೊದಲು ಮಾಡಿಸಿಕೊಳ್ಳುವುದು ಒಳ್ಳೆಯದು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಮನೆತನದ ದೋಷ ಮೊದಲೇ ಗೊತ್ತಿದ್ದು, ತಮ್ಮಲ್ಲಿ ಅದು ಇಲ್ಲವೆಂದು ಖಚಿತವಾದವರಿಗೆ ಮರುಪರೀಕ್ಷೆಯ ಅಗತ್ಯವಿಲ್ಲ. ಆದರೆ ತಂದೆ ತಾಯಿಯರಲ್ಲಿ ಇನ್ನೊಬ್ಬರ ಕಡೆಯಲ್ಲೂ ಇಂಥ ಕ್ಯಾನ್ಸರ್‌ಗಳಿದ್ದರೆ ವೈದ್ಯರ ಬಳಿ ಆ ಮಾತು ಎತ್ತಿ.

ಇಂತಿ,
ಪ್ರಯೋಗಾಲಯದ ಬಳಗ