ಪಣಂಬೂರು ಬಂದರಿಗೆ ಐವತ್ತು: ಮಂಗಳೂರಿನ ಮೇಲಿರುವ ಕೆಲವು ಋಣಗಳು

ಪಣಂಬೂರಿನಲ್ಲಿರುವ ನವಮಂಗಳೂರು ಬಂದರನ್ನು ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಿಸಿದ್ದು 1974ರ ಮೇ 4ರಂದು. ಮರುವರ್ಷ ಜನವರಿ 11ಕ್ಕೆ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಎರಡಕ್ಕೂ ಈಗ ಐವತ್ತು ತುಂಬಿದೆ. ಈ ಬಂದರು ಯಾರ ಬೆವರಿನಿಂದ, ಯಾರ ತ್ಯಾಗದಿಂದ ನಡೆಯುತ್ತ ಬಂದಿದೆಯೋ ಅವರಿಗೆ ಬಹಿರಂಗವಾಗಿ ಕೃತಜ್ಞತೆ ಹೇಳಬೇಕೆಂದು, ಬಂದರಿನ ಕೆಲಸ ಬಲ್ಲ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ.

ಮೊದಲ ವಂದನೆ ಹಳೇ ಬಂದರಿನವರಿಗೆ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲೇ ನೆಲೆಸಿ ಏಡನ್ ಜೊತೆ ವ್ಯಾಪಾರ ನಡೆಸುತ್ತಿದ್ದ. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಬೆಂಗ್ರೆಯ ಮರಳ ದಿಣ್ಣೆಯ ಹಿಂದೆ ಮಾಡಿಕೊಟ್ಟ ಶಾಂತ ನೀರೇ ಊರಿನ ಬಂಡವಾಳ. ಕಂಟಕ ಇದ್ದದ್ದು ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ. ಮಳೆಗಾಲದ ಹೊಳೆ ಹೂಳು ಹೊತ್ತು ತರುತ್ತದೆ. ಎದುರಿನಿಂದ ಬರುವ ಅಲೆ ಅದನ್ನು ಹೊರಗೆ ಬಿಡದೆ ಬಾಯಿಗೇ ಒಡ್ಡುತ್ತದೆ. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ, ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು. ಕಾಫಿ, ಗೋಡಂಬಿ, ಹೆಂಚು ಎಲ್ಲವನ್ನೂ ಧಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ದೋಣಿಗೆ ತುಂಬಿ, ಅಳಿವೆ ದಾಟಿಸಿ, ತೂಗಾಡುವ ದೋಣಿಯಿಂದ ಹಡಗಿಗೆ ಏರಿಸಬೇಕು. ಒಂದೇ ಸರಕನ್ನು ಎರಡೆರಡು ಸಲ ಎತ್ತುವ ಕೆಲಸ.

1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾಯಿತು. ಆಮೇಲೆ ಮಂಗಳೂರು ಹೆಂಚು ಸಮುದ್ರ ದಾಟಿ ಹೆಸರು ಮಾಡಿತು. ಹೆಂಚನ್ನು ಮಲಗಿಸಿ ಪೇರಿಸಿದರೆ ಮೇಲಿನ ಭಾರಕ್ಕೆ ಕೆಳಗಿನವು ಬಿರುಕು ಬಿಡುತ್ತವೆ. ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒತ್ತಿ, ಸಂದು ಉಳಿಯದಂತೆ ಜೋಡಿಸಬೇಕು. ಸಂದು ಉಳಿದ ಕಡೆ ಅಲೆಯ ಹೊಯ್ದಾಟಕ್ಕೆ ಒಂದು ಸಾಲೇ ಪುಡಿಯಾಗುತ್ತದೆ. ಮಂಗಳೂರಿನ ಹೆಸರು ಒಡೆಯದೆ ದೂರದ ಊರು ಸೇರಿದ್ದು ಹಾಗೆ ಜೋಡಿಸಿದ ಹಮಾಲಿಗಳ ಕೈಯಿಂದ. 1907ರಲ್ಲಿ ರೈಲು ಬಂತು, ಸರಕು ಹೆಚ್ಚಿತು, ಅಳಿವೆಯ ಆಳ ಮಾತ್ರ ಹೆಚ್ಚಲಿಲ್ಲ. ಇವತ್ತಿಗೂ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು ಹೊರುವ ಮಂಜಿಗಳು, ಅಂದರೆ ಸರಕಿನ ದೋಣಿಗಳು, ಹೊರಡುವುದು ಆ ಧಕ್ಕೆಯಿಂದಲೇ, ಮಳೆಗಾಲದಲ್ಲಿ ನಿಲ್ಲುವುದೂ ಅಲ್ಲೇ.

ಸರ್ವಋತು ಬಂದರು ಬೇಕೆಂದು ದೆಹಲಿಯಲ್ಲಿ ಬೆನ್ನುಬಿಡದೆ ಕೇಳಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. 1962ರಲ್ಲಿ ಕೆಲಸ ಶುರುವಾಯಿತು, 1965ರಲ್ಲಿ ಅವರು ತೀರಿಕೊಂಡರು. ಹಡಗು ಬಂದದ್ದನ್ನು ನೋಡಲು ಅವರಿಗೆ ಆಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಋಣ ನೆಲ ಬಿಟ್ಟುಕೊಟ್ಟವರದು. ಪಣಂಬೂರಿನದು ನೈಸರ್ಗಿಕ ಬಂದರಲ್ಲ. ದಡದಿಂದ ಒಳಕ್ಕೆ ನೆಲ ಅಗೆದು, ಸಮುದ್ರವನ್ನು ಊರೊಳಗೆ ಕರೆದು ಮಾಡಿದ್ದು. ಬಾಯಲ್ಲಿ ಕಲ್ಲು ಸುರಿದು ಕಟ್ಟಿದ ಎರಡು ಅಲೆತಡೆಗೋಡೆಗಳು, ಒಂದೊಂದೂ 770 ಮೀಟರ್. ಅಂದರೆ ಇವತ್ತು ಟಗ್ಗುಗಳು (ಹಡಗನ್ನು ಎಳೆಯುವ, ತಳ್ಳುವ ದೋಣಿಗಳು) ಹಡಗನ್ನು ತಿರುಗಿಸುವ ನೀರು ಒಂದು ಕಾಲದಲ್ಲಿ ಅವರ ಮನೆ, ಗದ್ದೆ, ತೋಟ. ಅಲ್ಲಿಂದ ಎದ್ದವರು ಕಾಟಿಪಳ್ಳ, ಕೃಷ್ಣಾಪುರದ ನಿವೇಶನಗಳಲ್ಲಿ ಹೊಸದಾಗಿ ಬದುಕು ಹೂಡಿದರು. ಬೇರೆ ಕಡೆ ಊರು ಬಿಟ್ಟವರು ಹಳೇ ಜಾಗಕ್ಕೆ ಹೋಗಿ ಬಾವಿಕಟ್ಟೆಯನ್ನೋ ಅಡಿಪಾಯವನ್ನೋ ಮಕ್ಕಳಿಗೆ ತೋರಿಸಬಹುದು. ಇವರಿಗೆ ತೋರಿಸಲು ನೆಲವೇ ಉಳಿದಿಲ್ಲ. ಬಂದರಿನ ಇತಿಹಾಸ ಹೇಳುವಾಗ ಈ ಎರಡು ಊರುಗಳ ಹೆಸರು ಮೊದಲ ಪುಟದಲ್ಲೇ ಇರಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಇನ್ನು ಹೂಳೆತ್ತುವವರು. ಹಡಗು ಬಂದರಿಗೆ ಬರುವ ಆಳದ ದಾರಿ, ಅಂದರೆ ಚಾನೆಲ್, ಸುಮಾರು ಏಳೂವರೆ ಕಿಲೋಮೀಟರ್ ಉದ್ದ, ಹೊರಭಾಗದ ಆಳ 15.4 ಮೀಟರ್. ಒಂದು ಸಲ ಅಗೆದರೆ ಮುಗಿಯುವ ಕೆಲಸವಲ್ಲ; ಪ್ರತಿ ಮಳೆಗಾಲವೂ ಮೆತ್ತನೆ ಕೆಸರು ತಂದು ತುಂಬುತ್ತದೆ. ಕಷ್ಟ ಇರುವುದು ಅಳೆಯುವುದರಲ್ಲಿ. ನೀರೊಳಗೆ ಸದ್ದು ಬಿಟ್ಟು, ಅದು ತಳಕ್ಕೆ ತಾಗಿ ವಾಪಸು ಬರುವುದರಿಂದ ಆಳ ಅಳೆಯುತ್ತಾರೆ. ಹೆಚ್ಚಿನ ಕಂಪನಾಂಕದ ಸದ್ದು, ಉದಾಹರಣೆಗೆ 200 ಕಿಲೋಹರ್ಟ್ಸ್, ಮಜ್ಜಿಗೆಯಂಥ ಕೆಸರಿನ ಮೇಲ್ಪದರಕ್ಕೇ ತಾಗಿ ವಾಪಸು ಬರುತ್ತದೆ. 33 ಕಿಲೋಹರ್ಟ್ಸ್‌ನದು ಕೆಸರನ್ನು ಹೊಕ್ಕು ಕೆಳಗಿನ ಗಟ್ಟಿ ಪದರ ತೋರಿಸುತ್ತದೆ. ಒಂದೇ ಜಾಗಕ್ಕೆ ಎರಡು ಆಳ. ಮೇಲಿನದನ್ನೇ ನಂಬಿದರೆ ಹಡಗಿಗೆ ಸುಮ್ಮನೆ ಕಡಿಮೆ ಸರಕು, ಕೆಳಗಿನದನ್ನೇ ನಂಬಿದರೆ ತಳ ಕೆಸರಿಗೆ ಕೂರುವ ಭಯ. ಮೇಲಾಗಿ, ಕಡಿಮೆ ಆಳದಲ್ಲಿ ಹಡಗು ಓಡುವಾಗ ನಿಂತಾಗಿನದಕ್ಕಿಂತ ಕೊಂಚ ಕೆಳಗಿಳಿಯುತ್ತದೆ. ವೇಗ ಹೆಚ್ಚಿದಷ್ಟೂ ಹೆಚ್ಚು. ಎತ್ತಿದ ಹೂಳನ್ನು ಗುರುತಿಸಿದ ಜಾಗಕ್ಕಿಂತ ಹತ್ತಿರ ಸುರಿದರೆ ಸೆಳೆತ ಅದನ್ನೇ ಮತ್ತೆ ಚಾನೆಲ್ಲಿಗೆ ತರುತ್ತದೆ. ಇದೆಲ್ಲ ಲೆಕ್ಕ ಹಾಕಿ ಆಳ ಕಾಯ್ದುಕೊಟ್ಟ ಸರ್ವೆ ದೋಣಿಯವರಿಗೆ, ಹೂಳೆತ್ತುವ ಡ್ರೆಜರಿನವರಿಗೆ ಕೈಮುಗಿಯುತ್ತೇವೆ.

ಪೈಲಟ್‌ಗಳಿಗೂ (ಹಡಗು ಹತ್ತಿ ಬಂದರಿನೊಳಗೆ ದಾರಿ ತೋರಿಸುವವರು), ಅವರನ್ನು ಹಡಗಿನ ಪಕ್ಕಕ್ಕೆ ಒಯ್ಯುವ ಲಾಂಚು ದೋಣಿಯವರಿಗೂ. ಹಡಗಿನ ಬದಿಗೆ ಇಳಿಬಿಟ್ಟ ಹಗ್ಗದ ಏಣಿಯೇ ಅವರ ದಾರಿ. ಹತ್ತುವ ಎತ್ತರ 9 ಮೀಟರ್ ಮೀರಿದರೆ ಹಡಗಿನ ಮೆಟ್ಟಿಲನ್ನೂ ಜೊತೆಗೆ ಇಳಿಸಬೇಕು. ಏಣಿ ತಿರುಚಿಕೊಳ್ಳದಂತೆ ನಡುನಡುವೆ 1.8 ಮೀಟರಿಗೆ ಕಡಿಮೆಯಿಲ್ಲದ ಅಡ್ಡಪಟ್ಟಿ ಇರಬೇಕು. ಲಾಂಚು ಅಲೆಯ ನೆತ್ತಿಗೆ ಏರಿದ ಕ್ಷಣದಲ್ಲೇ ಏಣಿ ಹಿಡಿಯಬೇಕು. ಇಳಿಯುವಾಗ ಹಿಡಿದರೆ ಮುಂದಿನ ಅಲೆಗೆ ಲಾಂಚು ಎದ್ದು ಕಾಲಿಗೇ ಬಡಿಯುತ್ತದೆ. ಜುಲೈ ತಿಂಗಳ ಕಡಲಲ್ಲೂ ಅವರು ಹತ್ತಿದ್ದಾರೆ, ಇಳಿದಿದ್ದಾರೆ.

ಕುದುರೆಮುಖದ ಗಣಿಯಿಂದ 67 ಕಿಲೋಮೀಟರ್ ಕೊಳವೆಯಲ್ಲಿ ನೀರಿನ ಜೊತೆ ಕಬ್ಬಿಣದ ಅದಿರಿನ ಪುಡಿ ಪಣಂಬೂರಿಗೆ ಹರಿದು ಬರುತ್ತಿತ್ತು. ದೊಡ್ಡ ಹಡಗಿಗೆ ತಕ್ಕ ಆಳ ಬಂದರಿಗೆ ಸಿಕ್ಕಿದ್ದು ಆ ಅದಿರಿನ ನೆಪದಲ್ಲೇ. 2005ರ ಕೊನೆಗೆ ಗಣಿ ನಿಂತಿತು. ಅದನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್ ತೀರ್ಪು ಕಾಡಿನ ದೃಷ್ಟಿಯಿಂದ ಸರಿಯಾದದ್ದೇ. ಆದರೂ ಅಲ್ಲಿ ದುಡಿದವರು ಮಾಡಿಸಿಕೊಟ್ಟ ಆಳದಲ್ಲೇ ಇಂದು ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲಿನ ಹಡಗುಗಳು ಬರುತ್ತಿವೆ. ಅವರಿಗೂ ನಮ್ಮ ವಂದನೆ.

ಮಳೆ ನಿಂತ ಮೇಲೆ ಸರ್ವೆ ದೋಣಿ ಮತ್ತೆ ಚಾನೆಲ್ಲಿಗೆ ಇಳಿಯುತ್ತದೆ. ಈ ಸಲ ಅದರಲ್ಲಿ ಕೂರುವ ಹುಡುಗರಲ್ಲಿ ಯಾರಾದರೂ ಕಾಟಿಪಳ್ಳ, ಕೃಷ್ಣಾಪುರದವರಿದ್ದರೆ, ಮನೆಯ ಹಿರಿಯರಿಗೆ ನಮ್ಮ ನಮಸ್ಕಾರ ತಿಳಿಸಿ.