ಮಗಳ ಸುಟ್ಟ ಗಾಯವನ್ನು ಮುಚ್ಚಿಟ್ಟ ಬಗ್ಗೆ ಡೇಕೇರ್‌ಗೆ ಒಂದು ದೂರು ಪತ್ರ

ರಾಯಚೂರು
28 ಏಪ್ರಿಲ್ 2025

ವ್ಯವಸ್ಥಾಪಕರಿಗೆ,

ವಿಷಯ: ಏಪ್ರಿಲ್ 16ರಂದು ನಿಮ್ಮ ಡೇಕೇರ್‌ನಲ್ಲಿ ನನ್ನ ಮಗಳಿಗಾದ ಸುಟ್ಟ ಗಾಯ ಮತ್ತು ಅದನ್ನು ನಮಗೆ ತಿಳಿಸದೆ ಕಳಿಸಿದ್ದು.

ಮೇಡಂ, ನಮಸ್ಕಾರ.

ಹತ್ತು ತಿಂಗಳಿಂದ ನನ್ನ ಮಗಳು ನಿಮ್ಮಲ್ಲಿಗೆ ಬರುತ್ತಿದ್ದಳು. ಈಗ ಅವಳಿಗೆ ಎರಡು ವರ್ಷ ಎಂಟು ತಿಂಗಳು. ನಾನು ಗಂಜ್ ಹತ್ತಿರದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಯಜಮಾನರಿಗೆ ಶಕ್ತಿನಗರದಲ್ಲಿ ಶಿಫ್ಟ್ ಕೆಲಸ. ಅತ್ತೆಯವರು ಮಾನ್ವಿ ಕಡೆ ಹಳ್ಳಿಯಲ್ಲಿದ್ದಾರೆ, ಮೊಣಕಾಲು ನೋವು, ಓಡಾಡುವ ಮಗುವಿನ ಹಿಂದೆ ಓಡಲು ಅವರಿಂದ ಆಗಲ್ಲ. ಇದೆಲ್ಲ ನಿಮಗೆ ಗೊತ್ತು. ಸೇರಿಸುವ ದಿನ ಅರ್ಧ ಗಂಟೆ ಕೂತು ಮಾತಾಡಿದ್ದೆವಲ್ಲ. ಆದರೂ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ "ಅಷ್ಟು ಸೂಕ್ಷ್ಮ ಇದ್ದರೆ ಮಗೂನ ಮನೆಯಲ್ಲೇ ನೋಡಿಕೊಳ್ಳಬೇಕಿತ್ತು" ಎಂಬ ಮಾತು ಮೊನ್ನೆ ಫೋನಿನಲ್ಲಿ ನಿಮ್ಮಿಂದ ಬಂತು. ನೋಡಿಕೊಳ್ಳಲಿ ಅಂತಲೇ ಅಲ್ವಾ ಮೇಡಂ, ತಿಂಗಳಿಗೆ 4,500 ರೂಪಾಯಿ ಕೊಡುತ್ತಿದ್ದದ್ದು?

ಏಪ್ರಿಲ್ 16, ಬುಧವಾರ. ಸಂಜೆ 5.40ಕ್ಕೆ ಕರೆದುಕೊಂಡು ಹೋಗಲು ಬಂದೆ. ಬಾಗಿಲಲ್ಲಿ ಆಯಾ ಅವರು, "ಇವತ್ತ ಸ್ವಲ್ಪ ಹಠ ಮಾಡಿದಳ್ರೀ, ನಿದ್ದಿ ಮಾಡಿಲ್ಲ, ಲಗೂನ ಮಲಗಸ್ರಿ" ಅಂದರು. ಅಷ್ಟೇ. ಬೆಳಗ್ಗೆ ನಾನು ಹಾಕಿ ಕಳಿಸಿದ್ದು ತಿಳಿ ನೀಲಿ ಫ್ರಾಕು. ಸಂಜೆ ಅದರ ಕೆಳಗೆ ಆನೆ ಚಿತ್ರದ ಹಳದಿ ಪೈಜಾಮ ಇತ್ತು. ಅದು ನಮ್ಮದಲ್ಲ. ಒಂದಕ್ಕೆ ಮಾಡಿಕೊಂಡಿರಬೇಕು, ಬೇರೆ ಮಗುವಿನದು ಹಾಕಿದ್ದಾರೆ ಅಂದುಕೊಂಡೆ. ಮಕ್ಕಳಿರುವ ಜಾಗದಲ್ಲಿ ಇದೆಲ್ಲ ಇದ್ದದ್ದೇ. ಸ್ಕೂಟಿ ಮುಂದೆ ದಿನಾ ಸಣ್ಣ ಸೀಟಿನ ಮೇಲೆ ಕೂರುವವಳು ಅವತ್ತು ಕೂರಲೇ ಇಲ್ಲ. ಹ್ಯಾಂಡಲ್ ಹಿಡಿದು ನಿಂತುಕೊಂಡೇ ಬಂದಳು. ನಾನು ಬೈದೆ ಕೂಡ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮನೆಗೆ ಬಂದು ಸ್ನಾನಕ್ಕೆ ಪೈಜಾಮ ಎಳೆದೆ. ಕಿರುಚಿದಳು. ಬಟ್ಟೆ ಹಿಂದೆ ಅಂಟಿಕೊಂಡಿತ್ತು. ಪುದೀನ ವಾಸನೆ ಬಂತು, ಹಲ್ಲುಜ್ಜುವ ಪೇಸ್ಟ್ ವಾಸನೆ. ಎರಡೂ ತೊಡೆಯ ಹಿಂಭಾಗದಲ್ಲಿ ಬಿಳಿ ಪೇಸ್ಟು ಒಣಗಿ ಸುಣ್ಣದ ಗೋಡೆಯಂತೆ ಬಿರಿದಿತ್ತು. ಬಿರುಕಿನ ನಡುವೆ ಕೆಂಪು ಚರ್ಮ, ಅಂಚಿನಲ್ಲಿ ಬೊಕ್ಕೆ. ಒಂದು ಬೊಕ್ಕೆ ಬಟ್ಟೆಯ ಜೊತೆಗೇ ಕಿತ್ತು ಬಂತು. ಬಲಗೈ ಅಂಗೈಯಲ್ಲೂ ಒಂದು ಇತ್ತು. ಅದನ್ನು ಅವಳು ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರಿಂದ ನನಗೆ ಕಂಡಿರಲಿಲ್ಲ. ಏನಾಯಿತು ಚಿನ್ನಿ ಅಂದರೆ, "ಜಾರುಬಂಡಿ ಸುಡ್ತದ" ಅಂದಳು. ಅವಳಿಗೆ ಇನ್ನೂ ನೆಟ್ಟಗೆ ಮಾತು ಬರಲ್ಲ, ಆದರೆ ಆ ಒಂದು ಮಾತು ನೀವು ಬರೆಯುವ ದಿನಚರಿ ಪುಸ್ತಕಕ್ಕಿಂತ ಸರಿಯಾಗಿತ್ತು. ಆ ಪುಸ್ತಕದಲ್ಲಿ ಅವತ್ತಿನ ಪುಟ ಹೀಗಿದೆ: ಊಟ ಚೆನ್ನಾಗಿ ಮಾಡಿದಳು, ಆಟ ಆಡಿದಳು, ನಿದ್ದೆ ಕಡಿಮೆ. ಕೆಳಗೆ ನಗುವ ಮುಖದ ಸ್ಟಿಕ್ಕರ್.

ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ಏಳು ಗಂಟೆ. ಅವರು ಮೊದಲು ಕೇಳಿದ್ದು, ಸುಟ್ಟು ಎಷ್ಟು ಹೊತ್ತಾಯಿತು, ತಕ್ಷಣ ನೀರು ಹಾಕಿದ್ದಿರಾ ಅಂತ. ನನ್ನ ಹತ್ತಿರ ಎರಡಕ್ಕೂ ಉತ್ತರ ಇರಲಿಲ್ಲ. ತಾಯಿಯಾಗಿ ಅದಕ್ಕಿಂತ ನಾಚಿಕೆಯ ಹೊತ್ತು ನನಗೆ ಬಂದಿಲ್ಲ. ಸುಟ್ಟ ಜಾಗಕ್ಕೆ ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಬೇಕಂತೆ, ಸ್ವಲ್ಪ ತಡವಾದರೂ ಮೂರು ಗಂಟೆಯೊಳಗೆ ಮಾಡಿದರೆ ಉಪಯೋಗ ಇದೆಯಂತೆ. ಆಮೇಲೆ ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಕರೆತಂದರೆ ಸಾಕು. ಪೇಸ್ಟು ಹಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ, ಸೋಂಕಿಗೂ ದಾರಿ. ಆ ಒಣಗಿದ ಪೇಸ್ಟನ್ನು ಸಲೈನ್‌ನಲ್ಲಿ ನೆನೆಸಿ ನೆನೆಸಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ನಾನು ಕೈ ಹಿಡಿದಿದ್ದೆ, ಅವರಪ್ಪ ಕಾಲು ಹಿಡಿದಿದ್ದರು. ಸುಟ್ಟಾಗ ಎಷ್ಟು ಅತ್ತಳೋ ನಮಗೆ ಗೊತ್ತಿಲ್ಲ, ಪೇಸ್ಟ್ ತೆಗೆಯುವಾಗ ಅತ್ತದ್ದನ್ನು ಮಾತ್ರ ನೋಡಿದ್ದೇವೆ.

ಸುಟ್ಟರೆ ಪೇಸ್ಟು ಹಚ್ಚುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ನಮ್ಮ ಅತ್ತೆಯವರು ಇಂಕು ಹಚ್ಚುತ್ತಿದ್ದರು. ಅದಕ್ಕೆ ಆಯಾ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಕಲಿಸಿಲ್ಲ. ಆದರೆ ನಿಮ್ಮ ಬೋರ್ಡಿನ ಮೇಲೆ "ತರಬೇತಿ ಪಡೆದ ಸಿಬ್ಬಂದಿ" ಅಂತ ಬರೆದಿದೆ. ಪ್ರಥಮ ಚಿಕಿತ್ಸೆಯ ಡಬ್ಬಿಯೂ ಗೋಡೆಗೆ ಹಾಕಿದೆ. ಮರುದಿನ ನಾನು ಅದನ್ನು ತೆರೆದು ನೋಡಿದೆ, ನೆನಪಿದೆಯಾ? ಒಳಗೆ ಸ್ಕೆಚ್ ಪೆನ್ನು ಇದ್ದವು.

ಇನ್ನು ಬಿಸಿಲಿನ ಮಾತು. "ರಾಯಚೂರು ಬಿಸಿಲು ಅಲ್ವಾ ಮೇಡಂ, ಏನು ಮಾಡೋಕಾಗುತ್ತೆ" ಅಂದಿರಿ. ಬಿಸಿಲು ನಮಗೆ ಹೊಸದಲ್ಲ ಎಂಬುದೇ ನನ್ನ ದೂರು. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ ಅಂತ ಪ್ರತಿ ಬೇಸಿಗೆಯಲ್ಲೂ ಹೇಳುತ್ತಾರೆ. ಮೀಸೆ ಬಂದ ಗಂಡಸರಿಗೇ ತಡೆಯಲ್ಲ ಅಂತ ಸರ್ಕಾರ ಒಪ್ಪಿಕೊಂಡಿರುವ ಊರಿನಲ್ಲಿ, ಹನ್ನೆರಡೂವರೆಗೆ ಎರಡು-ಮೂರು ವರ್ಷದ ಕೂಸುಗಳನ್ನು ಕಬ್ಬಿಣದ ತಗಡಿನ ಜಾರುಬಂಡಿ ಹತ್ತಿಸಿದ್ದೀರಿ. ನಿಮ್ಮ ಅಂಗಳದ ಬೇವಿನ ಮರದ ನೆರಳು ಬೆಳಗ್ಗೆ ಹತ್ತರವರೆಗೆ ಮಾತ್ರ ಅದರ ಮೇಲೆ ಬೀಳುತ್ತದೆ. ಗಾಳಿ 40 ಡಿಗ್ರಿ ಇದ್ದರೆ ತಗಡು ಅಲ್ಲಿಗೆ ನಿಲ್ಲಲ್ಲ, 60 ದಾಟಬಹುದು. ಅಷ್ಟು ಬಿಸಿಯ ನೀರು ತಾಗಿದರೆ ದೊಡ್ಡವರ ಚರ್ಮ ಸುಡಲು ಐದಾರು ಸೆಕೆಂಡು ಸಾಕು. ಮಕ್ಕಳದು ಇನ್ನೂ ತೆಳು. ಅದೂ ಫ್ರಾಕು ಹಾಕಿದ ಮಗು ಸಲೀಸಾಗಿ ಜಾರಿಬಿಡಲ್ಲ. ಬರಿ ತೊಡೆ ತಗಡಿಗೆ ಅಂಟಿ ನಡುವೆಯೇ ನಿಂತುಬಿಡುತ್ತದೆ. ಆಗ ಏಳಲು ಕೈ ಊರುತ್ತದೆ. ಅಂಗೈ ಗಾಯ ಹಾಗೇ ಆಗಿದ್ದು ಅಂತ ಡಾಕ್ಟರ್ ಅಂದರು.

ಇದು ಹನ್ನೆರಡೂವರೆಗೆ ಆಯಿತೆಂದು ನನಗೆ ಹೇಗೆ ಗೊತ್ತು? ನೀವೇ ಹೇಳಿದ್ದು. ಅವತ್ತು 12.32ಕ್ಕೆ ಪೋಷಕರ ವಾಟ್ಸಾಪ್ ಗುಂಪಿಗೆ "ಸಮ್ಮರ್ ಫನ್" ಅಂತ ಒಂದು ಫೋಟೋ ಹಾಕಿದ್ದಿರಿ. ಆರು ಮಕ್ಕಳು ಜಾರುಬಂಡಿಯ ಮೆಟ್ಟಿಲ ಬಳಿ ಸಾಲಾಗಿ ನಿಂತಿದ್ದಾರೆ. ನನ್ನ ಮಗಳು ನಾಲ್ಕನೆಯವಳು, ನೀಲಿ ಫ್ರಾಕು, ಬರಿಗಾಲು. ಮಕ್ಕಳ ನೆರಳು ಅವರ ಕಾಲಡಿಯಲ್ಲೇ ಸಣ್ಣ ಚುಕ್ಕಿಯಂತಿದೆ. ಮಗಳು ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಟ್ಟುಕೊಂಡಿದ್ದಾಳೆ. ಅವತ್ತು ಗಿರಣಿಯಲ್ಲಿ ಊಟ ಮಾಡುತ್ತಾ ಅದನ್ನು ನೋಡಿ, ಏನು ಸ್ಟೈಲು ಅಂತ ನಕ್ಕಿದ್ದೆ. ನೆಲ ಸುಡುತ್ತಿತ್ತು ಅಂತ ಈಗ ಅರ್ಥ ಆಗುತ್ತಿದೆ.

ಸಂಜೆ 4.05ಕ್ಕೆ ಇನ್ನೊಂದು ಫೋಟೋ. ಚಾಪೆಯ ಮೇಲೆ ಎಲ್ಲ ಮಕ್ಕಳೂ ಕೂತು ಬಿಸ್ಕತ್ತು ತಿನ್ನುತ್ತಿದ್ದಾರೆ. ನನ್ನ ಮಗಳೊಬ್ಬಳು ಹಳದಿ ಪೈಜಾಮ ಹಾಕಿಕೊಂಡು ಗೋಡೆ ಹಿಡಿದು ನಿಂತಿದ್ದಾಳೆ. ಫೋಟೋ ತೆಗೆದವರಿಗೆ ಅದು ಕಾಣಲಿಲ್ಲವೇ?

ಮರುದಿನ ಬೆಳಗ್ಗೆ ಆ ಎರಡೂ ಫೋಟೋಗಳು ಗುಂಪಿನಿಂದ ಮಾಯ. ನನ್ನ ಫೋನಿನಲ್ಲಿ ಇವೆ.

17ರಂದು ನಾನೂ ಯಜಮಾನರೂ ಬಂದಾಗ ನೀವು ಮೊದಲು ಹೇಳಿದ್ದು "ಅದು ಬಿಸಿಲು ಗುಳ್ಳೆ ಇರಬೇಕು". ಡಾಕ್ಟರ ಚೀಟಿ ತೋರಿಸಿದ ಮೇಲೆ "ಜರಾ ಬಿಸಿ ತಾಗಿರಬಹುದು". ಮತ್ತೆ ಸ್ವಲ್ಪ ಹೊತ್ತಿಗೆ "ನಿಮಗೆ ಗಾಬರಿ ಆಗಬಾರದು ಅಂತ ಹೇಳಲಿಲ್ಲ". ಒಂದೇ ಭೇಟಿಯಲ್ಲಿ ಮೂರು ಮಾತು. ಅಂಗಳದ ಸಿಸಿಟಿವಿ ತೋರಿಸಿ ಅಂದರೆ, ಆ ಕ್ಯಾಮೆರಾ ಕೆಟ್ಟು ವಾರ ಆಯಿತು ಅಂದಿರಿ. ನೀವು ಹಾಗೆ ಹೇಳುವಾಗ ನಿಮ್ಮ ಬೆನ್ನ ಹಿಂದಿನ ಟಿವಿಯಲ್ಲಿ ಅಂಗಳ ಚೆನ್ನಾಗಿಯೇ ಕಾಣುತ್ತಿತ್ತು. ಜಾರುಬಂಡಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದೂ ಕಾಣುತ್ತಿತ್ತು. ಏನೂ ಆಗಿಲ್ಲದಿದ್ದರೆ ಗೋಣಿಚೀಲ ಯಾಕೆ ಹೊದಿಸಿದಿರಿ?

ಆಮೇಲೆ ಸೇರಿಸುವಾಗಿನ ಫಾರಂ ತೆಗೆದಿರಿ. "ಆಟದ ವೇಳೆ ಆಗುವ ಆಕಸ್ಮಿಕ ಗಾಯಗಳಿಗೆ ನಾವು ಹೊಣೆಯಲ್ಲ", ಕೆಳಗೆ ನನ್ನ ಸಹಿ. ಹೌದು, ಸಹಿ ನನ್ನದೇ. ಗಾಯವಾದರೆ ಮುಚ್ಚಿಡಬಹುದು ಎಂಬ ಸಾಲು ಅದರಲ್ಲಿ ಎಲ್ಲಿದೆ ತೋರಿಸಿ. ಅದೇ ಫಾರಂನಲ್ಲಿ ತುರ್ತು ಸಂದರ್ಭಕ್ಕೆ ಅಂತ ನಾಲ್ಕು ಫೋನ್ ನಂಬರ್ ಬರೆಸಿಕೊಂಡಿದ್ದೀರಿ. ನಾಲ್ಕರಲ್ಲಿ ಒಂದಕ್ಕೂ ಅವತ್ತು ಕರೆ ಬಂದಿಲ್ಲ. ಗಿರಣಿಯಿಂದ ನಿಮ್ಮಲ್ಲಿಗೆ ಸ್ಕೂಟಿಯಲ್ಲಿ ಹತ್ತು ನಿಮಿಷ.

ಮಕ್ಕಳು ಬೀಳುತ್ತಾರೆ, ತರಚಿಕೊಳ್ಳುತ್ತಾರೆ. ಅದಕ್ಕೆ ಜಗಳ ಮಾಡುವ ತಾಯಿ ನಾನಲ್ಲ. ಕಳೆದ ನವೆಂಬರ್‌ನಲ್ಲಿ ಇವಳು ಬಾಗಿಲಿಗೆ ಗಲ್ಲ ಬಡಿಸಿಕೊಂಡಾಗ ಆಗ ಇದ್ದ ಅಕ್ಕ ಐದು ನಿಮಿಷದಲ್ಲಿ ಫೋನ್ ಮಾಡಿದರು. ನಾನು ಬರುವಷ್ಟರಲ್ಲಿ ಬಟ್ಟೆಯಲ್ಲಿ ಐಸ್ ಸುತ್ತಿ ಒತ್ತಿ ಹಿಡಿದುಕೊಂಡು, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದರು. ಅವರ ಕಣ್ಣಲ್ಲೇ ನೀರಿತ್ತು. ನಾನೇ ಅವರಿಗೆ ಸಮಾಧಾನ ಹೇಳಿ ಬಂದೆ. ಅವರು ಸಂಕ್ರಾಂತಿ ಆದ ಮೇಲೆ ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಹದಿನೆಂಟು ಮಕ್ಕಳಿಗೆ ಇಬ್ಬರು, ಅದರಲ್ಲಿ ಒಬ್ಬರು ಮಧ್ಯಾಹ್ನವೆಲ್ಲ ಅಡುಗೆ ಮನೆಯಲ್ಲಿ. ಫೀಸು ಮಾತ್ರ ಫೆಬ್ರುವರಿಯಿಂದ 500 ಜಾಸ್ತಿ ಆಯಿತು.

20ನೇ ತಾರೀಖು ನನ್ನನ್ನು ವಾಟ್ಸಾಪ್ ಗುಂಪಿನಿಂದ ತೆಗೆದಿರಿ. ಅದೇ ದಿನ ಫೋನ್ ಮಾಡಿ, ಮೇ ತಿಂಗಳ ಫೀಸು ಬಿಟ್ಟುಬಿಡುತ್ತೇವೆ, ವಿಷಯ ಇಲ್ಲಿಗೇ ಬಿಡಿ ಅಂದಿರಿ. ಮೇ ತಿಂಗಳಲ್ಲಿ ನನ್ನ ಮಗಳನ್ನು ಮತ್ತೆ ಆ ಅಂಗಳಕ್ಕೆ ಕಳಿಸುತ್ತೇನೆ ಅಂತ ನಿಮಗೆ ಹೇಗೆ ಅನ್ನಿಸಿತೋ.

ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರೆ. ಪೇಟೆಯಲ್ಲಿ ದುಡಿಯುವ ನಮ್ಮಂಥವರಿಗೆ ನಿಮ್ಮಂಥವರೇ ಗತಿ. ಅದು ನಿಮಗೂ ಗೊತ್ತು, ಅದಕ್ಕೇ ಇಷ್ಟು ಧೈರ್ಯ ಅಂತ ಕಾಣುತ್ತದೆ. ನಾನು ಈಗ ಸಂಬಳವಿಲ್ಲದ ರಜೆಯಲ್ಲಿದ್ದೇನೆ. ಮಗಳು ಬೋರಲು ಮಲಗುತ್ತಾಳೆ, ನಿಂತುಕೊಂಡು ಊಟ ಮಾಡುತ್ತಾಳೆ. ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್. ಇವತ್ತಿಗೆ 3,860 ರೂಪಾಯಿ ಖರ್ಚಾಗಿದೆ, ಬಿಲ್ಲುಗಳ ನಕಲು ಲಗತ್ತಿಸಿದ್ದೇನೆ.

ನನಗೆ ಬೇಕಾಗಿರುವುದು ಮೊದಲು ಒಂದು ಬರಹ. ಅವತ್ತು ಮಕ್ಕಳನ್ನು ಹೊರಗೆ ಬಿಟ್ಟವರು ಯಾರು, ಅಂಗಳದಲ್ಲಿ ಯಾರಿದ್ದರು, ಎಷ್ಟು ಗಂಟೆಗೆ ಗಾಯವಾಯಿತು, ನಮಗೆ ಹೇಳಬೇಡಿ ಅಂತ ತೀರ್ಮಾನ ಮಾಡಿದವರು ಯಾರು, ಇದಿಷ್ಟನ್ನೂ ನಿಮ್ಮ ಸಹಿ ಹಾಕಿ ಕೊಡಿ. ಆಯಾ ಅವರ ತಲೆಗೆ ಕಟ್ಟಿ, ಅವರನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಂಡರೆ ಅದನ್ನು ನಾನು ಉತ್ತರ ಅಂತ ತೆಗೆದುಕೊಳ್ಳುವುದಿಲ್ಲ. 16ನೇ ತಾರೀಖಿನ ಸಿಸಿಟಿವಿ ದಾಖಲೆಯನ್ನು ಅಳಿಸದೆ ಇಡಿ, ಇದನ್ನು ನಾನು 17ರಂದೇ ಬಾಯಿಮಾತಿನಲ್ಲಿ ಕೇಳಿದ್ದೇನೆ. ಚಿಕಿತ್ಸೆಯ ಖರ್ಚು, ಏಪ್ರಿಲ್‌ನ ಉಳಿದ ದಿನಗಳ ಫೀಸು ಮತ್ತು ಠೇವಣಿ 5,000 ವಾಪಸು ಮಾಡಿ. ಮತ್ತೆ, ಉಳಿದ ಹದಿನೇಳು ಮಕ್ಕಳ ಮನೆಗೂ ನಡೆದದ್ದನ್ನು ತಿಳಿಸಿ. ಆ ಜಾರುಬಂಡಿ ಇನ್ನೂ ಅಲ್ಲೇ ಇದೆ. ನೆರಳಿಗೆ ಶೀಟು ಹಾಕಿಸುವವರೆಗೆ ಅದನ್ನು ಹಗ್ಗ ಕಟ್ಟಿ ಮುಚ್ಚಿದರೂ ಸಾಕು, ಅದಕ್ಕೆ ದುಡ್ಡೇನೂ ಬೇಕಾಗಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ರಕ್ಷಣಾ ಕಾಯ್ದೆ, 2019ರಲ್ಲಿ ಇದಕ್ಕೆ ಸೇವಾ ನ್ಯೂನತೆ ಅನ್ನುತ್ತಾರೆ. ದೂರು ಕೊಡಲು ಎರಡು ವರ್ಷ ಅವಕಾಶ ಇದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ವಕೀಲರೇ ಬೇಕೆಂದೂ ಇಲ್ಲ. ಲೆಕ್ಕ ಬರೆಯುವವಳು ನಾನು, ಕಾಗದ ಜೋಡಿಸಿಡುವುದು ನನಗೆ ಕಷ್ಟವಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಈ ಪತ್ರದ ಪ್ರತಿಯನ್ನು ಇವತ್ತೇ ಕೊಡುತ್ತಿದ್ದೇನೆ. ಅದಕ್ಕೆ 15 ದಿನ ಕಾಯುವುದಿಲ್ಲ, ಏಕೆಂದರೆ ನಾಳೆಯೂ ಅಲ್ಲಿಗೆ ಮಕ್ಕಳು ಬರುತ್ತಾರೆ.

ಗುರುವಾರ ನನ್ನ ತಮ್ಮ ಬರುತ್ತಾನೆ. ಮಗಳ ನೀರಿನ ಬಾಟಲಿ, ಹೊದಿಕೆ, ಒಂದು ಜೊತೆ ಬಟ್ಟೆ ನಿಮ್ಮಲ್ಲಿವೆ, ಕೊಟ್ಟು ಕಳಿಸಿ. ಆ ಆನೆ ಚಿತ್ರದ ಪೈಜಾಮವನ್ನು ನಾನು ತೊಳೆದಿಲ್ಲ, ಹಾಗೇ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ. ಅದು ಯಾವ ಮಗುವಿನದೋ ಗೊತ್ತಿಲ್ಲ. ಅದೇ ಅಳತೆಯ ಹೊಸದೊಂದನ್ನು ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಆ ಮಗುವಿನ ತಾಯಿಗೆ ತಲುಪಿಸಿ, ಹಳೆಯದು ಯಾಕೆ ವಾಪಸು ಬರಲಿಲ್ಲ ಅಂತ ಅವರು ಕೇಳಿದರೆ ನಿಜ ಹೇಳಿ.

ಇಂತಿ,
ನಿಮ್ಮಲ್ಲಿ ಹತ್ತು ತಿಂಗಳು ಮಗುವನ್ನು ಬಿಟ್ಟಿದ್ದ ತಾಯಿ

ಲಗತ್ತು: ಡಾಕ್ಟರ ಚೀಟಿ, ಬಿಲ್ಲುಗಳ ನಕಲು, ಗಾಯದ ಫೋಟೋಗಳು, ಏಪ್ರಿಲ್ 16ರ 12.32 ಮತ್ತು 4.05ರ ಫೋಟೋಗಳು, ದಿನಚರಿ ಪುಸ್ತಕದ ಪುಟ.